ಸುಣ್ಣದೊಳಗಿನ ಪಾರಿವಾಳ

ಮಲ್ಲಿಗಮ್ಮ ಚಲುವಯ್ಯನನ್ನು ಮೊದಲು ಕಂಡದ್ದು, ಅವನು ಒಂಬತ್ತು ದಿನ ನಿಂತು ಬರೆದ ಚಿತ್ರಕ್ಕೆ ಅವಳು ಒಂದೇ ಬೆಳಗಿನಲ್ಲಿ ಸುಣ್ಣ ಹೊಡೆದು ಮುಚ್ಚಿದ ದಿನ. ಐವತ್ತೆಂಟನೇ ಇಸವಿ, ಭಾನುವಾರ, ಹಿರಿಯರಿಗೆ ಎಡೆಯಿಡುವ ಮಾರ್ಲಮಿ ಹಬ್ಬಕ್ಕೆ ಇನ್ನು ಹದಿನಾಲ್ಕು ದಿನ.

ಅರಕಲಗೂಡಿನ ಪೇಟೆ ಬೀದಿಯಲ್ಲಿ ಊರವರು ಸೇರಿ ಒಂದು ವಾಚನಾಲಯ ಕಟ್ಟಿಸಿದ್ದರು. ಹೆಂಚಿನ ಮಾಡು, ಎರಡು ಕಿಟಕಿ, ಕೂರಲು ನಾಲ್ಕು ಉದ್ದನೆ ಬೆಂಚು. ಬರುವ ಗುರುವಾರ, ಗಾಂಧಿ ಜಯಂತಿಯ ದಿನ, ಹಾಸನದಿಂದ ಅಧಿಕಾರಿಗಳೊಬ್ಬರು ಬಂದು ಬಾಗಿಲು ತೆರೆಯುವುದೆಂದು ಗೊತ್ತಾಗಿತ್ತು. ಒಳಗೋಡೆಗೆ ಸುಣ್ಣ ಹೊಡೆಯಲು ಮೇಸ್ತ್ರಿ ರಾಮಣ್ಣ ಮಲ್ಲಿಗಮ್ಮನಿಗೆ ಹೇಳಿ ಕಳಿಸಿದ. ಗಂಡ ಲಕ್ಕಯ್ಯ ತೀರಿಕೊಂಡಂದಿನಿಂದ, ಅಂದರೆ ಆರು ವರ್ಷದಿಂದ, ಅವಳಿಗೆ ಅದೇ ಕಸುಬು. ಅವಳು ಕೈಯಾಡಿಸಿದ ಗೋಡೆಯಲ್ಲಿ ಕುಂಚದ ಗೆರೆ ಹುಡುಕಿದರೂ ಸಿಗುವುದಿಲ್ಲ ಎಂದು ರಾಮಣ್ಣ ನಾಲ್ಕು ಜನರ ಮುಂದೆ ಹೇಳುತ್ತಿದ್ದ. ಅವಳ ಮುಂದೆ ಮಾತ್ರ ಹೇಳುತ್ತಿರಲಿಲ್ಲ.

ಆ ಕಸುಬಿನಲ್ಲಿ ಒಂದು ರೂಢಿಯಿದೆ. ಹೊಸ ಕಟ್ಟಡದಲ್ಲಿ ಕಿಟಕಿಗೆ ಹಸಿರು ಬಳಿಯುವವನು, ತೊಲೆಗೆ ಕರಿಯೆಣ್ಣೆ ಹಚ್ಚುವವನು, ಅಂಚಿಗೆ ಕೆಮ್ಮಣ್ಣು ಎಳೆಯುವವಳು, ಎಲ್ಲರೂ ತಮ್ಮ ಕುಂಚವನ್ನು ಒಂದೇ ಗೋಡೆಗೆ ಒರೆಸುತ್ತಾರೆ. ಬಣ್ಣ ಗಟ್ಟಿಯೋ ತೆಳುವೋ ನೋಡುವುದೂ ಅದರ ಮೇಲೆಯೇ. ಅದಕ್ಕೆ ಒರೆಸು ಗೋಡೆ ಎಂದೇ ಹೆಸರು. ಎಲ್ಲ ಕೆಲಸ ಮುಗಿದ ಮೇಲೆ ಕೊನೆಗೆ ಅದಕ್ಕೆ ಸುಣ್ಣ ಬೀಳುತ್ತದೆ.

ಮಲ್ಲಿಗಮ್ಮ ಮೂರು ಗೋಡೆ ಮುಗಿಸಿ ಹಿಂದಿನ ಗೋಡೆಗೆ ತಿರುಗಿದಳು. ಅದರ ತುಂಬ ಕೆಂಪು, ಹಳದಿ, ನೀಲಿ, ಮಧ್ಯದಲ್ಲಿ ಎರಡು ಮೊರದಷ್ಟು ಅಗಲಕ್ಕೆ ಕಪ್ಪು. ಅಲ್ಲಿ ಚಿತ್ರವಿದೆಯೆಂದು ಯಾರೂ ಹೇಳಿರಲಿಲ್ಲ, ಹತ್ತಿರ ನಿಂತವಳಿಗೆ ಅನುಮಾನವೇ ಬರಲಿಲ್ಲ. ಒರೆಸುವುದಕ್ಕೆ ಇಷ್ಟೊಂದು ಬಣ್ಣ ದಂಡ ಮಾಡಿದ್ದಾರಲ್ಲ ಎಂದು ಮಾತ್ರ ಹೊಟ್ಟೆ ಉರಿಯಿತು. ಮೇಲಿನ ಭಾಗಕ್ಕೆ ಬರೀ ಸುಣ್ಣ ಹೊಡೆದಳು. ಕೆಳಗೆ, ಕೂತವರ ಬೆನ್ನು ತಾಗುವ ಎತ್ತರಕ್ಕೆ, ಪಾಪಾಸುಕಳ್ಳಿ ಕೊಚ್ಚಿ ನೆನೆಸಿದ ಲೋಳೆ ಬೆರೆಸಿದ ಸುಣ್ಣ ಹೊಡೆದಳು. ಲೋಳೆ ಹಾಕಿದರೆ ಸುಣ್ಣ ಅಂಗಿಗೆ ಹತ್ತುವುದಿಲ್ಲ. ಆ ಕಪ್ಪು ಮಾತ್ರ ಎಷ್ಟು ಹೊಡೆದರೂ ಇಣುಕುತ್ತಿತ್ತು. ಅದಕ್ಕೆ ಮೂರು ಕೈ ಬೇಕಾಯಿತು.

ಕುಂಚ ತೊಳೆಯುತ್ತಿರುವಾಗ ತಗಡಿನ ಪೆಟ್ಟಿಗೆ ಹಿಡಿದ ಒಬ್ಬ ಗಂಡಸು ಬಾಗಿಲಲ್ಲಿ ಬಂದು ನಿಂತ. ಮೂವತ್ತು ದಾಟಿದ ವಯಸ್ಸು, ಸಪೂರ ಮೈ, ಉಗುರಿನ ಸಂದಿಯಲ್ಲೆಲ್ಲ ಬಣ್ಣ. ಗೋಡೆ ನೋಡಿದ. ಪೆಟ್ಟಿಗೆಯನ್ನು ಮೆಲ್ಲಗೆ ಕೆಳಗಿಟ್ಟು ಅದರ ಮೇಲೆಯೇ ಕೂತ. ಅವಳು ತನ್ನ ಪಾಡಿಗೆ ಕುಂಚ ಹಿಂಡುತ್ತಿದ್ದಳು. ಅವನು ಕೇಳಿದ.

"ಎಷ್ಟು ಕೈ ಹೊಡೆದೆ ಅಕ್ಕಾ?"

"ಒಂದೇ ಕಣಪ್ಪ. ಆ ಕರೀ ಜಾಗಕ್ಕೆ ಮಾತ್ರ ಮೂರು."

"ಅಲ್ಲೊಂದು ಪಾರಿವಾಳ ಇತ್ತಲ್ಲ, ಕಾಣಲಿಲ್ವಾ?"

"ಪಾರಿವಾಳವಾ? ನಾನು ಕೋಳಿ ಅಂದ್ಕಂಡೆ. ಯಾರೋ ಬೇಜಾರಾದೋರು ಗೀಚವ್ರೆ ಅಂತ."

ಆಗ ಅವನಿಗೆ ನಗು ಬಂತು. ನಗುತ್ತಲೇ ಹೇಳಿದ, ಅದು ಒರೆಸು ಗೋಡೆಯಲ್ಲ, ಚಿತ್ರ, ಬರೆದವನು ತಾನೇ ಎಂದು. ಮಲ್ಲಿಗಮ್ಮನ ಕೈಯಿಂದ ಕುಂಚ ಬಿದ್ದು ಬಕೆಟ್ಟಿನ ನೀರು ಅವಳ ಮುಖಕ್ಕೇ ಹಾರಿತು.

ಅವನ ಊರು ಹಾಸನದ ಹತ್ತಿರದ ದುದ್ದ. ಅಪ್ಪ ಪಾಪಯ್ಯ ಅವರಿವರ ಹೊಲದಲ್ಲಿ ದುಡಿದವನು. ಚಲುವಯ್ಯ ಹದಿನಾರಕ್ಕೇ ಮೈಸೂರಿಗೆ ಹೋಗಿ ಬೋರ್ಡು ಬರೆಯುವವರೊಬ್ಬರ ಅಂಗಡಿಯಲ್ಲಿ ಅಕ್ಷರ ಕಲಿತು ಬಂದಿದ್ದ. ಹನ್ನೊಂದು ವರ್ಷದಿಂದ ಹಾಸನ, ಹೊಳೆನರಸೀಪುರ, ಚನ್ನರಾಯಪಟ್ಟಣ ಎಂದು ತಿರುಗುತ್ತ ಅಂಗಡಿಗಳ ಹೆಸರು, ಬಸ್ಸುಗಳ ಹೆಸರು, ಕಾಫಿ ಹೋಟೆಲಿನ ತಿಂಡಿಗಳ ಹೆಸರು ಬರೆದದ್ದೇ ಬರೆದದ್ದು. ಮೈಸೂರಿನ ಅಂಗಡಿಯಲ್ಲಿ ಕುಂಚ ಒರೆಸಲೆಂದು ಪರದೇಶದ ಹಳೆಯ ಪತ್ರಿಕೆ ತರುತ್ತಿದ್ದರಂತೆ. ಒಂದು ದಿನ ಅದರ ಒಂದು ಹಾಳೆಯಲ್ಲಿ, ಗೋಡೆಯೇ ಇಲ್ಲದೆ ಹೊಲದ ನಡುವೆ ನಿಂತ ಬಾಗಿಲಿನ ಚಿತ್ರ ಕಂಡ. ಇನ್ನೊಂದರಲ್ಲಿ ಏನೂ ಇರಲಿಲ್ಲ, ಮೂರು ಬಣ್ಣ ಒಂದರ ಪಕ್ಕ ಒಂದು ಕೂತಿದ್ದವು, ಅಷ್ಟೆ. ಆ ಎರಡು ಹಾಳೆಗೆ ಅವನು ಕುಂಚ ಒರೆಸಲಿಲ್ಲ. ಮಡಿಸಿ ಪೆಟ್ಟಿಗೆಯ ತಳಕ್ಕೆ ಹಾಕಿಕೊಂಡ. ಕಣ್ಣಿಗೆ ಕಂಡದ್ದನ್ನೇ ಬರೆಯಬೇಕೆಂದಿಲ್ಲ, ಮನಸ್ಸಿಗೆ ಆದದ್ದನ್ನೂ ಬರೆಯಬಹುದು ಎಂದು ಅವತ್ತು ತಿಳಿಯಿತಂತೆ.

ಆದರೆ ಬರೆಯಲು ಗೋಡೆ ಕೊಡುವವರು ಯಾರು? ಹನ್ನೊಂದು ವರ್ಷದ ಮೇಲೆ ಇದೊಂದು ಸಿಕ್ಕಿತ್ತು. ವಾಚನಾಲಯದ ಅಧ್ಯಕ್ಷ ಪುಟ್ಟರಾಜು, ಹೊಗೆಸೊಪ್ಪು ಬೆಳೆಯುವ ದೊಡ್ಡ ಕುಳ. ಶಾಂತಿ, ನ್ಯಾಯ, ಪರಿವರ್ತನೆ ಎಂಬ ಮೂರು ಮಾತನ್ನು ಯಾವುದೋ ಭಾಷಣದಲ್ಲಿ ಕೇಳಿ ಬಂದಿದ್ದರು. ಮೂರಕ್ಕೂ ಚಿತ್ರ ಬರೆ, ಕೆಳಗೆ ನಿನ್ನ ಹೆಸರೂ ಹಾಕಿಕೋ ಎಂದಿದ್ದರು. ಅವರ ಮನಸ್ಸಿನಲ್ಲಿದ್ದದ್ದು ಒಂದು ಪಾರಿವಾಳ, ಒಂದು ತಕ್ಕಡಿ, ಒಂದು ಹುಟ್ಟುವ ಸೂರ್ಯ. ಚಿತ್ರ ಮುಗಿದದ್ದನ್ನು ಅವರಿನ್ನೂ ನೋಡಿರಲಿಲ್ಲ. ಬಣ್ಣ ಒಣಗಲೆಂದು ಬಿಟ್ಟು, ಚಲುವಯ್ಯ ರಾಮನಾಥಪುರಕ್ಕೆ ಒಂದು ಬೋರ್ಡು ಬರೆಯಲು ಹೋಗಿದ್ದ. ಅಷ್ಟರಲ್ಲಿ ಇದಾಗಿತ್ತು.

ಮಲ್ಲಿಗಮ್ಮ ಅಳಲೂ ಇಲ್ಲ, ಕಾಲು ಹಿಡಿಯಲೂ ಇಲ್ಲ. ಸುಣ್ಣ ಅವಳದು, ಅದರ ಗುಣ ಅವಳಿಗೆ ಗೊತ್ತು. ಎಣ್ಣೆ ಬಣ್ಣದ ಮೇಲೆ ಸುಣ್ಣ ಬೇರು ಬಿಡುವುದಿಲ್ಲ, ಮೂರು ದಿನದೊಳಗೆ ಎಬ್ಬಿಸಿದರೆ ಏಳುತ್ತದೆ.

"ನೀನು ಮುಟ್ಬ್ಯಾಡ," ಎಂದಳು. "ಗಂಡಸ್ರು ಉಜ್ಜುದ್ರೆ ಬಣ್ಣನೂ ಕಿತ್ಕಂಡ್ ಬತ್ತದೆ. ಹಾಕಿದೋಳು ನಾನು, ತೆಗಿಯೋಳೂ ನಾನೇ."

ಸೋಮವಾರ ಬೆಳಿಗ್ಗೆ ನೆನೆಸಿದ ಗೋಣಿತಟ್ಟು ತಂದಳು. ಮೇಲಿನ ಸುಣ್ಣದ ಮೇಲೆ ಒದ್ದೆ ತಟ್ಟು ಒತ್ತಿ ಹಿಡಿದು, ಇಪ್ಪತ್ತು ಎಣಿಸಿ, ಮೇಲಿಂದ ಕೆಳಕ್ಕೆ ಒಂದೇ ಸಲ ಎಳೆಯುವುದು. ಹಿಂದೆ ಮುಂದೆ ತಿಕ್ಕುವಂತಿಲ್ಲ. ಒಂದು ಗೇಣು ಬಿಡಿಸಿ ಮುಂದಿನ ಗೇಣಿಗೆ ಹೋಗುವುದು. ಎಡಗಡೆ ಮೊದಲು ಕಾಣಿಸಿಕೊಂಡದ್ದು ಹಗ್ಗ. ಮೇಲೆ ಆಕಾಶದಿಂದ ಇಳಿದ ಹಗ್ಗ, ಅದರ ಎರಡು ತುದಿಗೆ ಒಂದು ಮಣ್ಣಿನ ಬಿಂದಿಗೆ, ಒಂದು ತಾಮ್ರದ ಬಿಂದಿಗೆ. ಎರಡೂ ಒಂದೇ ಮಟ್ಟದಲ್ಲಿ ತೂಗುತ್ತಿದ್ದವು. ಬಾವಿ ಇಲ್ಲ, ಗಡಗಡೆ ಇಲ್ಲ. ಇದು ನ್ಯಾಯವಂತೆ.

ಅವಳು ಸ್ವಲ್ಪ ಹೊತ್ತು ನೋಡಿ ತಪ್ಪು ಹಿಡಿದಳು. ತಾಮ್ರ ಭಾರ, ಮಣ್ಣು ಹಗುರ, ಒಂದೇ ಮಟ್ಟದಲ್ಲಿ ನಿಲ್ಲಲು ಹೇಗೆ ಸಾಧ್ಯ ಎಂದು ಕೇಳಿದಳು. ಬೆಂಚಿನ ಮೇಲೆ ಕೂತಿದ್ದ ಚಲುವಯ್ಯ ತಲೆ ಕೆರೆದುಕೊಂಡ.

"ಬಿಂದಿಗೆ ತೂಕ ಅಲ್ಲ ಅಕ್ಕಾ. ಎರಡರಲ್ಲೂ ಇರೋ ನೀರು ಒಂದೇ ಅಲ್ವಾ?"

ಮಲ್ಲಿಗಮ್ಮ ಬಾಗಿಲಾಚೆ ಬೀದಿಯ ಕಡೆ ನೋಡಿದಳು. ವಾಚನಾಲಯದಿಂದ ನಾಲ್ಕು ಮನೆ ಆಚೆಗೆ ಪೇಟೆ ಬೀದಿಯ ಬಾವಿಯಿತ್ತು. ಸುಣ್ಣ ಕಲೆಸಲು ನೀರು ಬೇಕಾದಾಗ ಅವಳು ಬಕೆಟ್ಟು ಕೆಳಗಿಟ್ಟು ದೂರ ನಿಲ್ಲುತ್ತಿದ್ದಳು, ಯಾರಾದರೂ ಸೇದಿ ಹೊಯ್ಯುವವರೆಗೆ. ಇವತ್ತು ಬೆಳಿಗ್ಗೆಯೂ ನಿಂತು ಬಂದಿದ್ದಳು. ಆ ಮಣ್ಣಿನ ಬಿಂದಿಗೆಯ ಸುತ್ತ ಉಳಿದಿದ್ದ ಸುಣ್ಣದ ಪುಡಿಯನ್ನು ಗೋಣಿ ಬಿಟ್ಟು ಸೆರಗಿನ ತುದಿಯಿಂದ ತೆಗೆದಳು.

ಮಂಗಳವಾರ ಬಲಗಡೆ. ಅಲ್ಲಿ ರಾಗಿ ಹೊಲದ ನಡುವೆ ಒಂಟಿ ಬಾಗಿಲು, ಅಂಗೈಯಷ್ಟು ತೆರೆದಿತ್ತು. ಬಾಗಿಲ ಈಚೆಗೆಲ್ಲ ಕತ್ತಲೆ ನೀಲಿ, ತೆರೆದ ಸಂದಿಯಲ್ಲಿ ಹಳದಿ. ಇದು ಪರಿವರ್ತನೆಯಂತೆ. ಅಗುಳಿ ಯಾವ ಕಡೆಗಿದೆ ಎಂದು ಮಲ್ಲಿಗಮ್ಮ ಕೇಳಿದಳು. ಅದನ್ನು ಚಲುವಯ್ಯ ಯೋಚನೆ ಮಾಡಿಯೇ ಇರಲಿಲ್ಲ. ಯೋಚಿಸಿ, ನಮ್ಮ ಕಡೆಗೇ ಇದೆ ಎಂದ. ಹಾಗಾದರೆ ಸರಿ ಎಂದಳು. ಕೆಳಗಿನ ಲೋಳೆ ಸುಣ್ಣ ಗೋಣಿಗೆ ಜಗ್ಗಲಿಲ್ಲ. ಹುಣಸೆಹಣ್ಣು ಕಿವುಚಿ, ಆ ನೀರು ಬಳಿದು, ನೊರೆ ಬಂದ ಮೇಲೆ ತೊಳೆದಳು. ಎರಡು ದಿನಕ್ಕೆ ಹುಣಸೆಹಣ್ಣು ಮೂರು ಸೇರು ಖರ್ಚಾಯಿತು. ಆ ಮಾರ್ಲಮಿಗೆ ಅವಳ ಮನೆಯಲ್ಲಿ ಸಾರಿಗೆ ಹುಳಿಯಿರಲಿಲ್ಲ.

ಬುಧವಾರ ಉಳಿದದ್ದು ಆ ಕಪ್ಪು ಜಾಗ. ಅಲ್ಲಿ ಹುಣಸೆಯೂ ನಡೆಯಲಿಲ್ಲ. ಕಪ್ಪು ಬಣ್ಣ ಒಣಗುವುದು ನಿಧಾನ, ಹಸಿಯಿದ್ದಾಗಲೇ ಸುಣ್ಣ ಅದರೊಳಗೆ ಇಳಿದುಬಿಟ್ಟಿತ್ತು. ಸುಣ್ಣ ಎದ್ದರೆ ಜೊತೆಗೆ ಗಾರೆಯೇ ಏಳುತ್ತಿತ್ತು. ಮಲ್ಲಿಗಮ್ಮ ಕೈ ನಿಲ್ಲಿಸಿದಳು. ಎರಡು ಮೊಳಕ್ಕೆ ತುಸು ಕಡಿಮೆ ಉದ್ದ, ಒಂದೂವರೆ ಮೊಳ ಎತ್ತರ, ಚಿತ್ರದ ನಟ್ಟನಡುವೆ ಬೆಳ್ಳಗೆ ಉಳಿಯಿತು.

"ಇದು ನನ್ ಕೈಲಿ ಆಗದಿಲ್ಲ ಚಲುವಯ್ಯ," ಎಂದಳು. ಗೋಣಿತಟ್ಟು ಹಿಂಡಿ ಕೆಳಗಿಟ್ಟಳು.

ಚಲುವಯ್ಯ ಎದ್ದು ಬಾಗಿಲವರೆಗೆ ಹಿಂದೆ ಹಿಂದೆ ಹೋಗಿ ನಿಂತು ನೋಡಿದ. ಆಮೇಲೆ ಬಂದು ಮಲ್ಲಿಗಮ್ಮನಿಗೆ ನಿಜ ಹೇಳಿದ. ಶಾಂತಿಗೆಂದು ಅವನು ಮೊದಲು ಏನೂ ಬರೆದಿರಲಿಲ್ಲವಂತೆ. ಆ ಕಡೆ ಹಗ್ಗ, ಈ ಕಡೆ ಬಾಗಿಲು, ನಡುವೆ ಬರೀ ಬಿಳಿ ಗೋಡೆ ಬಿಟ್ಟಿದ್ದ. ಏನೂ ಇಲ್ಲದ ಜಾಗದಲ್ಲಿ ಕಣ್ಣು ಕೂತು ದಣಿವಾರಿಸಿಕೊಳ್ಳಲಿ ಎಂದು. ಆದರೆ ಖಾಲಿ ಬಿಟ್ಟಿದ್ದಾನೆ, ಕಳ್ಳಗೆಲಸ ಎಂದು ಪುಟ್ಟರಾಜು ಬೈಯುತ್ತಾರೆಂದು ಹೆದರಿ, ಕೊನೆಯ ದಿನ ಕಪ್ಪು ತುಂಬಿ ಅದರ ಮೇಲೆ ಒಲ್ಲದ ಮನಸ್ಸಿನಿಂದ ಒಂದು ಪಾರಿವಾಳ ಗೀಚಿದ್ದ.

"ಅದಕ್ಕೇ ಕೋಳಿಯಂಗೆ ಕಂಡಿದ್ದು," ಎಂದಳು ಮಲ್ಲಿಗಮ್ಮ.

"ಊಂ. ನಾನು ಹೆದರಿ ಮುಚ್ಚಿದ್ದನ್ನ ನೀನು ಬಿಡಿಸ್ಬುಟ್ಟೆ ಅಕ್ಕಾ."

ಮಾತು ಚೆನ್ನಾಗಿತ್ತು. ಆದರೆ ಸಂಜೆ ಪುಟ್ಟರಾಜು ಬಂದರು. ಜೊತೆಯಲ್ಲಿ ಅವರ ತಾಯಿ ಅನಸೂಯಮ್ಮ, ಮಗ ಮುಂದೆ ನಿಂತು ಕಟ್ಟಿಸಿದ ವಾಚನಾಲಯ ನೋಡಲೆಂದು. ಪುಟ್ಟರಾಜು ಗೋಡೆಯನ್ನು ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ನೋಡಿದರು. ತಕ್ಕಡಿ ಎಲ್ಲಿ ಎಂದು ಕೇಳಿದರು. ಚಲುವಯ್ಯ ಬಿಂದಿಗೆ ತೋರಿಸಿದ. ಸೂರ್ಯ ಎಲ್ಲಿ ಎಂದರು. ಬಾಗಿಲ ಹಿಂದೆ ಇದ್ದಾನೆ ಎಂದ. ಇಷ್ಟರವರೆಗೆ ಅವರು ಹಲ್ಲು ಕಚ್ಚಿಕೊಂಡೇ ಇದ್ದರು.

"ಪಾರಿವಾಳ?"

ಚಲುವಯ್ಯ ನಡುವಿನ ಬಿಳಿಯ ಕಡೆ ನೋಡಿದ. ಪುಟ್ಟರಾಜು ಹೇಳಿದ್ದು ಸ್ಪಷ್ಟವಾಗಿತ್ತು. ಬೆಳಿಗ್ಗೆ ಹತ್ತಕ್ಕೆ ಅಧಿಕಾರಿ ಬರುತ್ತಾರೆ. ಅಷ್ಟರೊಳಗೆ ಊರಿನವರ ಕಣ್ಣಿಗೆ ಪಾರಿವಾಳ ಕಾಣಬೇಕು. ಇಲ್ಲದಿದ್ದರೆ ಗೋಡೆ ಪೂರ್ತಿ ಸುಣ್ಣ, ಹೇಗೂ ಸುಣ್ಣದವಳು ಇಲ್ಲೇ ಇದ್ದಾಳೆ.

ಚಲುವಯ್ಯ ಪೆಟ್ಟಿಗೆ ತೆರೆದ. ಕುಂಚ ತೆಗೆದು ಬಣ್ಣ ಕಲೆಸಿದ. ಗೋಡೆ ಉಳಿಯಬೇಕಾದರೆ ಹತ್ತು ನಿಮಿಷದ ಕೆಲಸ, ಒಂದು ಕೊಕ್ಕು, ಎರಡು ರೆಕ್ಕೆ. ಆ ಬಿಳಿಯ ಹತ್ತಿರಕ್ಕೆ ಕೈ ಒಯ್ದ. ಅವನ ಕೈ ಅಲ್ಲೇ ನಿಂತಿತು, ಮುಂದಕ್ಕೆ ಹೋಗಲಿಲ್ಲ. ಕುಂಚವನ್ನು ತನ್ನ ಪಂಚೆಗೇ ಒರೆಸಿ ಪೆಟ್ಟಿಗೆಯೊಳಗೆ ಇಟ್ಟುಬಿಟ್ಟ.

"ಯಾಕ್ಲಾ?" ಎಂದರು ಪುಟ್ಟರಾಜು.

ಮಲ್ಲಿಗಮ್ಮ ದೊಡ್ಡವರ ಮುಂದೆ ಮಾತಾಡಿ ಅಭ್ಯಾಸವಿದ್ದವಳಲ್ಲ. ಆದರೆ ಇದ್ದದ್ದನ್ನು ಇದ್ದ ಹಾಗೆ ಹೇಳದಿದ್ದರೆ ಅವಳಿಗೆ ಅನ್ನ ಸೇರುತ್ತಿರಲಿಲ್ಲ.

"ಬುದ್ದಿ, ಪಾರಿವಾಳ ಐತೆ. ನಾನೇ ಕಣ್ಣಾರೆ ಕಂಡಿವ್ನಿ. ಈ ಸುಣ್ಣದ ಒಳಗೇ ಕುಂತೈತೆ. ಎಬ್ಬಿಸಕ್ಕೆ ಹೋದ್ರೆ ಗೋಡೆ ಕಿತ್ಕಂಡ್ ಬತ್ತದೆ, ಅದಕ್ಕೆ ಬುಟ್ಟೆ. ಮೂಡ್ಲಾಗಿ ಮುಖ, ಒಂದು ರೆಕ್ಕೆ ಮೇಲೆ."

ಪುಟ್ಟರಾಜು ಬಗ್ಗಿ ನೋಡಿದರು. ಬೆರಳಿನಿಂದ ಸವರಿ ನೋಡಿದರು. ಬಣ್ಣದ ಏರು ಬೆರಳಿಗೆ ತಾಗಿತೋ ಏನೋ, ಹುಬ್ಬು ಮೇಲೇರಿತು. ಅಷ್ಟರಲ್ಲಿ ಹಿಂದಿನಿಂದ ಅನಸೂಯಮ್ಮನ ಮಾತು ಕೇಳಿತು. ಆಯಮ್ಮ ಆಗಲೇ ಬೆಂಚಿನ ಮೇಲೆ ಆ ಬಿಳಿಯ ಎದುರಿಗೇ ಕೂತು, ಕಾಲು ಚಾಚಿ, ಎಲೆಯಡಿಕೆ ಸಂಚಿ ಬಿಚ್ಚಿಕೊಂಡಿದ್ದರು.

"ನಿನ್ ಪಾರಿವಾಳ ಆಮೇಲೆ ಹುಡುಕ್ಕೊ ಮಗಾ. ಇಲ್ಲಿ ಕುಂತು ನೋಡಿದ್ರೆ ತಂಪಾಗೈತೆ. ಮನೇಲಿ ನಂಗೆ ಇಷ್ಟು ಹೊತ್ತು ಯಾರು ಸುಮ್ಕೆ ಕೂರಕ್ಕೆ ಬುಡ್ತಾರೆ?"

ತಾಯಿ ಎರಡನೇ ಸಲ ಎಲೆ ಮಡಿಸುವವರೆಗೂ ಏಳಲಿಲ್ಲ. ಪುಟ್ಟರಾಜು ಒಂದಷ್ಟು ಹೊತ್ತು ನಿಂತರು, ಆಮೇಲೆ ತಾವೂ ಪಕ್ಕದಲ್ಲಿ ಕೂತರು. ಸುಣ್ಣದ ಮಾತು ಮತ್ತೆ ಎತ್ತಲಿಲ್ಲ.

ಮಾರನೆ ದಿನ ಅಧಿಕಾರಿಗಳು ಬಂದು ಕತ್ತೆತ್ತಿ ನೋಡಿ, ಇದೇನು ಎಂದು ಕೇಳಿದಾಗ ಉತ್ತರ ಕೊಟ್ಟವರು ಪುಟ್ಟರಾಜು. ಒಳಗೆ ಪಾರಿವಾಳ ಇದೆ ಸಾ, ಮೂಡಲಿಗೆ ಮುಖ, ಒಂದು ರೆಕ್ಕೆ ಮೇಲೆ ಎಂದರು, ತಾವೇ ಕೂರಿಸಿದವರ ಹಾಗೆ. ಅಧಿಕಾರಿಗಳು ಕನ್ನಡಕ ತೆಗೆದು, ಹಾಕಿ, ಹೌದು ಹೌದು ಎಂದು ಬೆಂಚಿನ ಕಡೆ ನಡೆದರು. ಬಾಗಿಲ ಬಳಿ ನಿಂತಿದ್ದ ಚಲುವಯ್ಯ ಮಲ್ಲಿಗಮ್ಮನ ಕಡೆ ನೋಡಲಿಲ್ಲ, ನೋಡಿದ್ದರೆ ಇಬ್ಬರೂ ನಕ್ಕುಬಿಡುತ್ತಿದ್ದರು. ಚಿತ್ರದ ಕೆಳಗೆ ಬಲಮೂಲೆಯಲ್ಲಿ 'ಪಾ. ಚಲುವಯ್ಯ, ದುದ್ದ' ಎಂದು ಬರೆದಿತ್ತು. ಹನ್ನೊಂದು ವರ್ಷ ಊರೆಲ್ಲರ ಹೆಸರು ಬರೆದವನ ಕೈಯಲ್ಲಿ ಅವನದೇ ಹೆಸರು ಸ್ವಲ್ಪ ಸೊಟ್ಟಗಿತ್ತು.

ಅಲ್ಲಿಂದ ಪ್ರತಿ ಮಾರ್ಲಮಿಗೂ ವಾಚನಾಲಯಕ್ಕೆ ಮಲ್ಲಿಗಮ್ಮನದೇ ಸುಣ್ಣ. ಚಲುವಯ್ಯ ಎಲ್ಲಿದ್ದರೂ ಅವತ್ತು ಬಸ್ಸು ಹತ್ತಿ ಬರುತ್ತಿದ್ದ. ಒಂದು ವರ್ಷ ಹೊಳೆನರಸೀಪುರದಿಂದ, ಒಂದು ವರ್ಷ ಚನ್ನರಾಯಪಟ್ಟಣದಿಂದ, ಅಂಗಿಯ ಮೇಲೆ ಆ ಊರಿನ ಬಣ್ಣ ಹೊತ್ತು. ಚಿತ್ರದ ಸುತ್ತ ಅವಳು ದಾರ ಹಿಡಿದು ಗೆರೆ ಹಾಕಿಕೊಂಡು ಸುಣ್ಣ ಹೊಡೆಯುವಾಗ ಬೆಂಚಿನ ಮೇಲೆ ಕೂತು ನೋಡುತ್ತಿದ್ದ. ಒಂದು ಹನಿಯೂ ಗೆರೆ ದಾಟುತ್ತಿರಲಿಲ್ಲ. ಒಮ್ಮೆ ಬೇಕೆಂದೇ, ಅಕ್ಕಾ ಒಂದು ಹನಿ ಬಿತ್ತು ಎಂದು ಸುಳ್ಳು ಹೇಳಿ ಅವಳಿಂದ ಬೈಸಿಕೊಂಡ.

ಮದುವೆಯಾದ ವರ್ಷ ಹೆಂಡತಿ ಪಾರ್ವತಮ್ಮನನ್ನೂ ಕರೆತಂದು ಗೋಡೆ ತೋರಿಸಿದ. ಪಾರ್ವತಮ್ಮ ನೋಡಿ, ನಮ್ಮನೆ ಗೋಡೆಗೆ ಮಾತ್ರ ಇನ್ನೂ ಬಣ್ಣ ಇಲ್ಲ ಎಂದಳು. ಮುಂದೆ ಅವರ ಮನೆಯಲ್ಲಿ ಬುದ್ಧನ ಪಟ ಬಂತು, ಚಲುವಯ್ಯ ತಾನೇ ಬರೆದದ್ದು. ಅದರಲ್ಲಿ ಬುದ್ಧನಿರಲಿಲ್ಲ, ಅವನು ಎದ್ದುಹೋದ ಮೇಲೆ ಮರದ ಕೆಳಗೆ ಉಳಿದ ನೆರಳಿತ್ತು. ಪಾರ್ವತಮ್ಮ ಅದರ ಪಕ್ಕದಲ್ಲಿ ಅಂಗಡಿಯಿಂದ ತಂದ ಇನ್ನೊಂದು ಬುದ್ಧನನ್ನು ತೂಗುಹಾಕಿದಳು, ಬಂದವರಿಗೆ ತಿಳಿಯಲಿ ಎಂದು.

ಅರವತ್ನಾಲ್ಕರಲ್ಲಿ ಪೇಟೆ ಬೀದಿಗೆ ನಲ್ಲಿ ಬಂತು. ಮಣ್ಣಿನ ಬಿಂದಿಗೆ, ತಾಮ್ರದ ಬಿಂದಿಗೆ ಒಂದೇ ಸಾಲಿನಲ್ಲಿ ಕೂರತೊಡಗಿದವು. ಜಗಳವಂತೂ ದಿನವೂ ಇತ್ತು, ಆದರೆ ಅದು ಮೊದಲು ಬಂದವರು ಯಾರು ಎಂಬ ಜಗಳ. ಆ ವರ್ಷ ಮಲ್ಲಿಗಮ್ಮ ಸುಣ್ಣಕ್ಕೆ ನೀರನ್ನು ತಾನೇ ಹಿಡಿದು ತಂದಳು. ಪುಟ್ಟರಾಜುವಿಗೆ ಬುದ್ದಿ ಎನ್ನುವುದನ್ನು ಯಾವಾಗ ಬಿಟ್ಟಳೋ ಅವಳಿಗೂ ನೆನಪಿಲ್ಲ. ಪುಟ್ಟರಾಜಪ್ಪೋರೆ ಎಂದರೆ ಅವರೂ ತಿರುಗಿ ನೋಡುತ್ತಿದ್ದರು.

ಅರವತ್ತೇಳರ ಮಾರ್ಲಮಿಗೆ ಚಲುವಯ್ಯ ಬಂದಾಗ ಪಾರ್ವತಮ್ಮ ಅವನ ತೋಳು ಹಿಡಿದಿದ್ದಳು. ಇಪ್ಪತ್ತು ವರ್ಷದ ಬಣ್ಣ ಮೈಯೊಳಗೆ ಇಳಿದಿದೆ ಎಂದು ಹಾಸನದ ಡಾಕ್ಟರು ಹೇಳಿದ್ದರಂತೆ. ಬಲಗೈ ನಡುಗುತ್ತಿತ್ತು. ಬೋರ್ಡು ಬರೆಯುವುದನ್ನು ಬಿಟ್ಟು ಒಂದು ವರ್ಷವಾಗಿತ್ತು. ಆದರೂ ಬಾಯಿಗೇನೂ ಆಗಿರಲಿಲ್ಲ. ನಿನ್ನ ಗೆರೆ ಈ ಸಲ ಕೂದಲೆಳೆಯಷ್ಟು ಓರೆ ಅಕ್ಕಾ ಎಂದ. ನಿನ್ನ ಕಣ್ಣು ಓರೆ ಎಂದಳು ಮಲ್ಲಿಗಮ್ಮ. ಅದೇ ಅವನು ಅರಕಲಗೂಡಿಗೆ ಬಂದ ಕೊನೆಯ ಸಲ.

ಅವಳು ಸುಣ್ಣ ಮುಗಿಸಿ ಕುಂಚ ಹಿಂಡುವಾಗ ಅವನು ಎದ್ದು ಗೋಡೆಯ ಹತ್ತಿರ ಹೋದ. ಒಂಬತ್ತು ವರ್ಷದಲ್ಲಿ ನಡುವಿನ ಆ ಬಿಳಿ ಅಲ್ಲಲ್ಲಿ ಹೊಪ್ಪಳಿಕೆ ಎದ್ದಿತ್ತು. ಒಂದು ಕಡೆ ಕಾಸಗಲ ಉದುರಿ ಒಳಗಿನ ಕಪ್ಪು ಕಾಣುತ್ತಿತ್ತು. ಆ ಕಪ್ಪಿನ ಮೇಲೆ ಒಂದು ರೆಕ್ಕೆಯ ತುದಿ. ಪುಟ್ಟರಾಜು ಅದನ್ನು ಕಂಡು ಊರಿಗೆಲ್ಲ ಹೇಳಿಕೊಂಡು ಬಂದಿದ್ದರು, ಅಂತೂ ಪಾರಿವಾಳ ಹೊರಗೆ ಬರುತ್ತಿದೆ ಎಂದು. ಮಲ್ಲಿಗಮ್ಮ ಅದನ್ನು ಬೇಕೆಂದೇ ಮುಟ್ಟದೆ ಬಿಟ್ಟಿದ್ದಳು. ಚಿತ್ರದ ಒಳಗೆ ಕುಂಚ ಇಡುವುದಿಲ್ಲ ಎಂಬುದು ಅವಳೇ ತನಗೆ ಹಾಕಿಕೊಂಡ ಕಟ್ಟು.

ಚಲುವಯ್ಯ ನಡುಗುವ ಬೆರಳನ್ನು ಆ ರೆಕ್ಕೆಯ ಮೇಲಿಟ್ಟು ನಿಂತ. ಆಮೇಲೆ ಅವಳ ಬಕೆಟ್ಟಿನ ಕಡೆ ನೋಡಿದ. ತಳದಲ್ಲಿ ಇನ್ನೂ ನಾಲ್ಕು ಬೆರಳು ಸುಣ್ಣ ಉಳಿದಿತ್ತು.

"ಅಕ್ಕಾ," ಎಂದ, "ನಾನು ಹೆದರಿ ಗೀಚಿದ್ದು ಈಚೆಗೆ ಬರೋಕೆ ಮುಂಚೆ ಇದರ ಮೇಲೆ ಇನ್ನೊಂದು ಕೈ ಹೊಡೀತೀಯಾ? ಲೋಳೆ ಸ್ವಲ್ಪ ಜಾಸ್ತಿ ಹಾಕಿ?"